ಮೂರನೇ ಹಂತ ಕೈಬಿಟ್ಟ ವಾಣಿಶ್ರೀ

ಭಾನುವಾರ, ಇನ್ನೂ ಪೂರ್ತಿ ಬೆಳಕಾಗಿಲ್ಲ. ಯಲ್ದೂರಿನ ಮನೆಯ ನಡುಮನೆಯಲ್ಲಿ ವಾಣಿಶ್ರೀ ಲ್ಯಾಪ್‌ಟಾಪ್ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಪರದೆಯ ಮೇಲೊಂದು ಪುಟ್ಟ ಮಾವಿನ ಮಂಡಿ. ಕಾಯಿಗೆ ಪೆಟ್ಟಾಗದಂತೆ ಕ್ರೇಟು ತುಂಬಿ ಲಾರಿಗೇರಿಸಬೇಕು, ಅಷ್ಟೇ ಆಟ. ಎರಡೇ ದಿನದಲ್ಲಿ ಸಣ್ಣದೊಂದು ಆಟ ಕಟ್ಟಿ ಅಂತರ್ಜಾಲದಲ್ಲಿ ಒಪ್ಪಿಸುವ ಈ ಸ್ಪರ್ಧೆಗೆ ಗೇಮ್ ಜಾಮ್ ಎನ್ನುತ್ತಾರೆ. ಮಧ್ಯಾಹ್ನಕ್ಕೆ ಬಾಗಿಲು ಮುಚ್ಚುತ್ತದೆ.

ವಾರವಿಡೀ ಅವರು ಶ್ರೀನಿವಾಸಪುರದ ಅಂಗಡಿಯೊಂದರಲ್ಲಿ ಮದುವೆ ಕಾರ್ಡು ಮಾಡುತ್ತಾರೆ. ಆಟ ಕಟ್ಟುವುದನ್ನು ವಿಡಿಯೊ ನೋಡಿ ಕಲಿತರು. ಹಿಂದೆ ಕಳಿಸಿದ ಮೂರು ಆಟಗಳ ಕೆಳಗೂ ಆಡಿದವರು ಬರೆದದ್ದು ಒಂದೇ ಮಾತು: ಚೆನ್ನಾಗಿದೆ, ಆದರೆ ಅರ್ಧಕ್ಕೇ ನಿಂತಿದೆ. "ಈ ಸಲಾನೂ ಅದೇ ಅಂದ್ರೆ ಬಿಟ್ಬಿಡ್ತೀನಿ, ಸಾಕು," ಎನ್ನುತ್ತಾರೆ.

ಡೇರಿಗೆ ಹಾಲು ಹಾಕಿ ಬಂದ ತಾಯಿ ವೆಂಕಟರತ್ನಮ್ಮನನ್ನು ಆಡಲು ಕೂರಿಸುತ್ತಾರೆ. ಅವರು ಎರಡು ಹಂತ ದಾಟುತ್ತಾರೆ. ಪರದೆ ಕಪ್ಪಾಗುತ್ತದೆ.

"ಏಮೇ ವಾಣಿ, ಕರೆಂಟ್ ಹೋಯ್ತೇನೆ?"

ಲ್ಯಾಪ್‌ಟಾಪಿನ ಬ್ಯಾಟರಿ ಕೆಟ್ಟು ಎಷ್ಟೋ ಕಾಲವಾಗಿದೆ. ಕರೆಂಟ್ ಹೋದರೆ ಅದೂ ಆರುತ್ತದೆ. ತಾಯಿ ತಲೆಯೆತ್ತಿ ನೋಡಿದರೆ ಫ್ಯಾನು ತಿರುಗುತ್ತಲೇ ಇದೆ.

"ಇಲ್ಲಮ್ಮ, ಆಟ ಮುಗೀತು."

"ಮುಗೀತಾ? ಯಾರು ಹೇಳಿದ್ದು? ಕಾಯೆಲ್ಲ ತುಂಬ್ಸಿ ಲಾರೀನ ಇಲ್ಲೇ ನಿಲ್ಲಿಸ್ಕೊಂಡಿದ್ದೀಯಲ್ಲೇ!"

ವಾಣಿಶ್ರೀ ನಗುವುದಿಲ್ಲ. ಇನ್ನೂ ಕಟ್ಟಬೇಕಿದ್ದ ಮೂರನೇ ಹಂತವನ್ನು ಅಲ್ಲೇ ಕೈಬಿಡುತ್ತಾರೆ. ಚಿತ್ರ ಬರೆದುಕೊಡುವ ಗೆಳೆಯ, ಮುಳಬಾಗಿಲಿನ ಮುರಳಿಮೋಹನ್, ಫೋನಿನಲ್ಲಿ ಸಿಡುಕುತ್ತಾರೆ. ಆ ಹಂತಕ್ಕೆಂದೇ ಅವರು ಮಳೆ ಸುರಿಯುವ ಮಂಡಿ ಬರೆದಿಟ್ಟಿದ್ದಾರೆ.

"ಏನ್ ತಾಯಿ, ಅಷ್ಟು ಮಳೆ ಸುರಿಸಿದ್ದೀನಿ, ಒಂದ್ ಹನೀನೂ ಬೇಡ್ವಾ?"

"ಮುಂದಿನ ಸಲ ನೆನೀತೀನಿ ಕಣೋ. ಈಗ ನನಗೆ ಹೊರಡೋ ಲಾರಿ ಬರ್ಕೊಡು."

ಉಳಿದ ಹೊತ್ತೆಲ್ಲ ಮುಕ್ತಾಯಕ್ಕೇ ಹೋಗುತ್ತದೆ. ಲಾರಿ ಹಾರನ್ ಹೊಡೆದು ಹೊರಡುತ್ತದೆ. ಧೂಳು ಎದ್ದು ಇಳಿಯುತ್ತದೆ. ಖಾಲಿಯಾದ ಮಂಡಿಗೆ ನಾಯಿಯೊಂದು ಬಂದು, ಸುತ್ತು ಹಾಕಿ ಮಲಗುತ್ತದೆ. ಕೆಳಗೆ ಎರಡು ಬಟನ್: "ಇನ್ನೊಂದು ಲೋಡು", "ಇವತ್ತಿಗೆ ಸಾಕು".

"ಕಾರ್ಡಿಗೆ ಎಷ್ಟೇ ಚಿನ್ನದ ಬಣ್ಣ ಹಾಕಿ, ಕೆಳಗಡೆ 'ಸುಖಾಗಮನ ಬಯಸುವವರು' ಅಂತ ಹೆಸರು ಬರ್ಲಿಲ್ಲ ಅಂದ್ರೆ ಪಾರ್ಟಿ ವಾಪಸ್ ತರ್ತಾರೆ," ಎನ್ನುತ್ತಾರೆ ವಾಣಿಶ್ರೀ. "ಅದು ಗೊತ್ತಿದ್ದೂ ಆಟದಲ್ಲಿ ಮರೀತಿದ್ದೆ. ದೊಡ್ಡದು ಮಾಡಿದ್ರೆ ಪೂರ್ತಿ ಆಗತ್ತೆ ಅಂದ್ಕೊಂಡಿದ್ದೆ."

ಬಾಗಿಲು ಮುಚ್ಚುವ ಮೊದಲೇ ಆಟ ಒಪ್ಪಿಸುತ್ತಾರೆ. ಸೋಮವಾರ ಅಂಗಡಿಯಲ್ಲಿ, ಕಾರ್ಡುಗಳ ನಡುವೆ ಮೊಬೈಲ್ ತೆಗೆದು ನೋಡುತ್ತಾರೆ. ಬಹುಮಾನದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಆಟದ ಕೆಳಗೆ ಯಾರೋ ಬರೆದಿದ್ದಾರೆ: ನಾಯಿ ಮಲಗಿತು, ನಾನು ಆಟ ಮುಗಿಸಿ ಎದ್ದೆ.

ವಾಣಿಶ್ರೀ ಉಳಿದ ಸಾಲುಗಳನ್ನೂ ಒಂದೊಂದಾಗಿ ಓದುತ್ತಾರೆ. "ಮುಂದೇನು ಅಂತ ಒಬ್ರೂ ಕೇಳಿಲ್ಲ ನೋಡಿ," ಎನ್ನುತ್ತಾರೆ.