ಅಕ್ಕ ಸೇವ್ ಮಾಡದ ಪುಟ

ನನ್ನ ಅಕ್ಕನದು ಮನೆಯಲ್ಲೇ ಕೂತು ಪ್ರೆಸ್ಸುಗಳಿಗೆ ಡಿಟಿಪಿ ಮಾಡಿಕೊಡುವ ಕೆಲಸ. ಭಾವ ಲಿಫ್ಟ್ ರಿಪೇರಿಯವರು. ಇಬ್ಬರಿಗೂ ಇದ್ದದ್ದು ಒಂದೇ ಕಂಪ್ಯೂಟರು, ಕಿಟಕಿಯ ಪಕ್ಕದ ಮೇಜಿನ ಮೇಲೆ. ಅದರೊಳಗೆ ಮಾತ್ರ ಎರಡು ಆಪರೇಟಿಂಗ್ ಸಿಸ್ಟಮ್ಮುಗಳ ಎರಡು ಸಂಸಾರ: ವಿಂಡೋಸ್ ಅಕ್ಕನದು, ಲಿನಕ್ಸ್ ಭಾವನದು. ಶುರುವಾಗುವಾಗ ಯಾವುದು ಬೇಕೆಂದು ಅದೇ ಕೇಳುತ್ತಿತ್ತು. ಹತ್ತೊಂಬತ್ತು ವರ್ಷದ ಆ ದಾಂಪತ್ಯದಲ್ಲಿ ಅಷ್ಟು ಮರ್ಯಾದೆಯಿಂದ ಯಾರೂ ಯಾರನ್ನೂ ಏನನ್ನೂ ಕೇಳಿದ್ದು ನಾನು ಕಂಡಿಲ್ಲ.

ಅಕ್ಕ ಕಂಪ್ಯೂಟರನ್ನು ಪೂರ್ತಿ ಆಫ್ ಮಾಡುತ್ತಿರಲಿಲ್ಲ. ತೆರೆದ ಪುಟಗಳು ತೆರೆದ ಹಾಗೇ ಇರಲೆಂದು ಹೈಬರ್ನೇಟ್ ಮಾಡಿ, ಅಂದರೆ ವಿಂಡೋಸನ್ನು ನಿದ್ದೆಗೆ ಹಾಕಿ, ಏಳುತ್ತಿದ್ದಳು. ಅವುಗಳಲ್ಲೊಂದು ಪುಟ ಅವಳ ಸ್ವಂತದ್ದು. ತೀರಿಕೊಂಡ ಅಮ್ಮ ಬೆಳಗಿನ ಜಾವದ ಕನಸುಗಳಲ್ಲಿ ಅವಳಿಗೆ ಕಾಣಿಸುತ್ತಿದ್ದಳು. ಒಮ್ಮೆ ನೀಲಿ ಮೆಟ್ಟಿಲ ಮೇಲೆ ಕೂತು ಗುಂಡಿ ಹೊಲಿಯುತ್ತಾ, ಒಮ್ಮೆ ನೀರಿಲ್ಲದ ಹೊಳೆಯಲ್ಲಿ ದೋಣಿಗೆ ಕಾಯುತ್ತಾ. ಅಕ್ಕ ಮುಖ ತೊಳೆಯುವ ಮೊದಲೇ ಅದನ್ನೆಲ್ಲ ಟೈಪ್ ಮಾಡುವಳು. ಸೇವ್ ಮಾತ್ರ ಮಾಡಳು.

"ಸೇವ್ ಮಾಡಿ ಮುಚ್ಚಿಬಿಟ್ರೆ ಅಮ್ಮ ಬರೋದೇ ನಿಲ್ಲಿಸ್ತಾಳೆ ಅನ್ಸುತ್ತೆ ಕಣೇ," ಎಂದಿದ್ದಳು.

ತಲೆ ಕೆಟ್ಟಿದೆ ನಿನಗೆ ಎಂದೆ. ಹೊಟ್ಟೆಕಿಚ್ಚೂ ಇತ್ತು. ನನ್ನ ಕನಸಿಗೆ ಅಮ್ಮ ಒಂದು ದಿನವೂ ಬಂದಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಭಾವ ಲಿನಕ್ಸಿನಿಂದ ಲಿಫ್ಟಿನ ನಕ್ಷೆಯೊಂದನ್ನು ಅಕ್ಕನ ಡ್ರೈವಿಗೆ ಹಾಕಲು ಹೋದರು. ವಿಂಡೋಸ್ ಇನ್ನೂ ನಿದ್ದೆಯಲ್ಲಿದೆ, ಅಲ್ಲಿರುವುದನ್ನು ಓದಬಹುದು, ಹೊಸದೇನನ್ನೂ ಬರೆಯುವಂತಿಲ್ಲ ಎಂದು ಲಿನಕ್ಸ್ ತಡೆಯಿತು. ಸಿಕ್ಕಿಕೊಂಡ ಬಾಗಿಲನ್ನು ಒತ್ತಿ ತೆರೆಯುವುದು ಭಾವನ ಕಸುಬು. ಎಲ್ಲೋ ಓದಿದ ಒಂದು ಕಮಾಂಡ್ ಕೊಟ್ಟರು. ಆ ನಿದ್ದೆಯೇ ಅಳಿಸಿಹೋಯಿತು, ನಕ್ಷೆ ಹೋಗಿ ಕೂತಿತು.

ಸಂಜೆ ವಿಂಡೋಸ್ ಏನೂ ನೆನಪಿಲ್ಲದೆ ಹೊಸದಾಗಿ ಎದ್ದಿತು. ಏಳು ತಿಂಗಳಿಂದ ಬರೆದಿಟ್ಟ ಅಮ್ಮ ಅಲ್ಲಿರಲಿಲ್ಲ.

"ಕೆಲಸದ ಪುಟಗಳು ಅಂದ್ಕೊಂಡೆ. ಅವೆಲ್ಲ ಸೇವ್ ಆಗಿರ್ತಾವಲ್ಲ," ಎಂದ ಭಾವನ ಮುಖ ಬಿಳಿಚಿಕೊಂಡಿತ್ತು. ಅಕ್ಕ ಜಗಳವಾಡಲಿಲ್ಲ. ಅಂದಿನಿಂದ ಕೆಲಸ ಮುಗಿಸಿ ಏಳುವಾಗ ಪೂರ್ತಿ ಶಟ್‌ಡೌನ್ ಮಾಡತೊಡಗಿದಳು. ಅಮ್ಮ ಬರುವುದೂ ನಿಂತಿತು. ದಿನಾ ಬೆಳಿಗ್ಗೆ ಭಾವ "ಬಂದ್ರಾ?" ಎನ್ನುವರು, ಅವಳು ಇಲ್ಲವೆಂದು ತಲೆಯಾಡಿಸುವಳು.

ನಾನು ಅಲ್ಲಿಗೆ ಹೋಗಿ ಉಳಿದಿದ್ದ ಒಂದು ಬೆಳಿಗ್ಗೆ ಭಾವ ಬೂಟಿನ ಲೇಸ್ ಕಟ್ಟುತ್ತಾ, ತಲೆಯೆತ್ತದೆ ಹೇಳಿದರು: "ಇವತ್ತು ನಿಮ್ಮಮ್ಮ ನನ್ನ ಕನಸಿಗೆ ಬಂದಿದ್ರು. ಚೆನ್ನಾಗಿ ಉಗಿದ್ರು. ಬಾಗಿಲು ತಟ್ಟಿ ಬರೋದು ಕಲಿಯಯ್ಯಾ ಅಂದ್ರು."

ಅಮ್ಮ ಬದುಕಿದ್ದಷ್ಟು ದಿನ ಅಳಿಯನಿಗೆ ಗಟ್ಟಿಯಾಗಿ ಒಂದು ಮಾತು ಅಂದವಳಲ್ಲ. ಏಕವಚನವಂತೂ ದೂರದ ಮಾತು. ಅದು ನನಗೆ ಗೊತ್ತು, ಅಕ್ಕನಿಗೂ ಗೊತ್ತು.

ಅಕ್ಕ ಕುರ್ಚಿ ಎಳೆದುಕೊಂಡು ಕಂಪ್ಯೂಟರ್ ಆನ್ ಮಾಡಿದಳು.

"ಬೂಟು ಬಿಚ್ಚಿ ಕೂತ್ಕೊಳ್ಳಿ," ಎಂದಳು. "ಅಮ್ಮ ಇನ್ನೂ ಏನೇನು ಬೈದ್ಲು, ನಿಧಾನವಾಗಿ ಹೇಳಿ."