ಸಿಂಚನಾಳ ಮಾತು ಉಳಿಸಿದ ಮಂಗಳವಾರ

ನನ್ನ ಮೊಮ್ಮಗಳ ಮಾತು ನಿಂತುಹೋಗಿತ್ತು. ನಮ್ಮೂರ ದೇವಿ ದ್ಯಾಮವ್ವ ತಾಯಿ ಅದನ್ನು ತಿರುಗಿ ಕೊಟ್ಟಳು. ಹೇಳಬೇಕಾದದ್ದು ಇಷ್ಟೇ ಖರೆ, ಆದರೆ ಇಷ್ಟೇ ಹೇಳಿದರೆ ನನ್ನ ಜೀವಕ್ಕೆ ಸಮಾಧಾನವಿಲ್ಲ. ಅದಕ್ಕೇ ತಾಯಿಯ ಮಕ್ಕಳಾದ ನಿಮ್ಮ ಮುಂದೆ ಎಲ್ಲವನ್ನೂ ಬಿಚ್ಚಿ ಹೇಳುತ್ತೇನೆ. ನಾನು ಉಣಕಲ್ಲಿನ ಗಂಗವ್ವ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಮಗ ಈರಣ್ಣನ ಮಗಳು ಸಿಂಚನಾ. ಹುಟ್ಟಿದಾಗಿನಿಂದ ಅವಳ ಕೈಕಾಲು ಸ್ವಾಧೀನದಲ್ಲಿಲ್ಲ, ಬಾಯಿಂದ ಮಾತು ಬರುವುದಿಲ್ಲ. ಬುದ್ಧಿ ಮಾತ್ರ ಬಲು ಚುರುಕು. ಅವಳ ಸಾಲಿಯ ವಿದ್ಯಾ ಟೀಚರು ನಮ್ಮ ಮನೆಯ ಕಂಪ್ಯೂಟರಿನಲ್ಲಿ ಒಂದು ವ್ಯವಸ್ಥೆ ಮಾಡಿಕೊಟ್ಟಿದ್ದರು. ಪರದೆಯ ಮೇಲೆ ಚಿತ್ರಗಳು ಒಂದೊಂದಾಗಿ ಬೆಳಗುತ್ತವೆ. ಬೇಕಾದ ಚಿತ್ರ ಬಂದಾಗ ಸಿಂಚನಾ ಗದ್ದದಿಂದ ಒಂದು ಗುಂಡಿ ಒತ್ತುತ್ತಾಳೆ. ಕಂಪ್ಯೂಟರು ಆ ಮಾತನ್ನು ಆಡುತ್ತದೆ. ಆಡುವ ದನಿ ನನ್ನ ಸೊಸೆ ರೇಣುಕಾಳದ್ದು. ನೀರು ಬೇಕು, ಬೆನ್ನು ಕಡೀತೈತಿ, ಕಿವಿ ನೋಯತೈತಿ ಅಂತ ಒಂದೊಂದೇ ಮಾತು ಆಡಿ ತುಂಬಿಸಿದ್ದಳು. ಯಾವ ಚಿತ್ರ ಎಲ್ಲಿದೆ ಎಂದು ಕೂಸು ಕಲಿಯಲು ವರ್ಷಗಳೇ ಹಿಡಿದವು. ಕಲಿತ ಮೇಲೆ ನಮ್ಮ ಮನೆಯಲ್ಲಿ ಅವಳದೇ ಕಾರುಬಾರು.

ಈ ಸಲ ಯುಗಾದಿ ಮುಗಿದ ಮೇಲೆ ಒಂದು ಶನಿವಾರ ಕಂಪ್ಯೂಟರು ಹಚ್ಚಿದರೆ ಚಿತ್ರ ಬರಲಿಲ್ಲ. ಕಪ್ಪು ಪರದೆ, ಮೇಲೆ ಬಿಳಿ ಅಕ್ಷರ. ಹಾರ್ಡ್ ಡಿಸ್ಕ್ ಕಂಟ್ರೋಲರ್ ಕೆಲಸ ಮಾಡುತ್ತಿಲ್ಲ ಅಂತ ಬರೆದಿದೆ ಎಂದು ಈರಣ್ಣ ಓದಿ ಹೇಳಿದ. ಆರಿಸಿ ಹಚ್ಚಿದ, ವೈರು ಕಿತ್ತು ಮತ್ತೆ ಸಿಗಿಸಿದ. ಅದೇ ಬರಹ.

ಮರುದಿನದಿಂದ ಕೂಸು ಚೀರಲು ಹತ್ತಿತು. ಹಸಿವೆಂದು ಅನ್ನ ಕಲಿಸಿದೆವು, ಉಗುಳಿದಳು. ಹೊಟ್ಟೆನೋವೆಂದು ಓಮಿನ ನೀರು ಕುಡಿಸಿದೆವು. ದೃಷ್ಟಿಯಾಗಿದೆ ಎಂದು ನಾನು ಮೆಣಸಿನಕಾಯಿ ನಿವಾಳಿಸಿದೆ. ಜ್ವರ ಏರಿದಾಗ ಆಟೋದಲ್ಲಿ ಆಸ್ಪತ್ರೆಗೆ ಒಯ್ದರೆ ಡಾಕ್ಟರು ಕಿವಿಯಲ್ಲಿ ಬ್ಯಾಟರಿ ಬಿಟ್ಟು ನೋಡಿ, ಒಳಗೆ ಕೀವಾಗಿದೆ, ಕೂಸು ಹೇಳಲಿಲ್ಲವೇ ಎಂದು ಕೇಳಿದರು. ರೇಣುಕಾ ಅಲ್ಲೇ ಗೋಡೆಗೆ ಒರಗಿ ಅತ್ತಳು. ಹೇಳುವ ಮಾತೆಲ್ಲ ಆ ಡಬ್ಬಿಯಲ್ಲೇ ಸಿಕ್ಕಿಬಿದ್ದಿತ್ತಲ್ಲ.

ಸೋಮವಾರ ಈರಣ್ಣ ಕಂಪ್ಯೂಟರನ್ನು ಹುಬ್ಬಳ್ಳಿಯ ಒಂದು ಅಂಗಡಿಗೆ ಒಯ್ದ. ಅಂಗಡಿಯವ ಹಚ್ಚಿ ನೋಡಿ, ಡಿಸ್ಕು ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ, ಅದೇ ಕೆಟ್ಟಿರಬೇಕು, ಇದ್ದದ್ದೆಲ್ಲ ಅಳಿಸಿ ಹೊಸದಾಗಿ ತುಂಬಿ ನೋಡೋಣ, ಇವತ್ತು ಗಿರಾಕಿ ಬಹಳ, ನಾಳೆ ಮುಂಜಾನೆ ತನ್ನಿ ಎಂದನಂತೆ. ಕೂಸಿನ ಮಾತು ಉಳಿಯುವುದಿಲ್ಲವೇ ಎಂದರೆ ಕೈ ತಿರುವಿದನಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ತಿಳಿದದ್ದು ಅವನು ಹೇಳಿದ.

ನಾಳೆ ಎಂದರೆ ಮಂಗಳವಾರ. ನಮ್ಮ ಓಣಿಯಲ್ಲಿ ಆಗ ತಾಯಿಯ ವಾರ ಹಿಡಿದಿದ್ದೆವು. ಐದು ಮಂಗಳವಾರ ಬೀಸುವುದಿಲ್ಲ, ಕುಟ್ಟುವುದಿಲ್ಲ, ರೊಟ್ಟಿ ಬಡಿಯುವುದಿಲ್ಲ, ಕಬ್ಬಿಣದ ಹತಾರ ಮುಟ್ಟುವುದಿಲ್ಲ. ಈಗಿನವರು ಸಡಿಲ ಬಿಟ್ಟಿದ್ದಾರೆ, ನಾನು ಬಿಟ್ಟಿಲ್ಲ. ಮುಂಜಾನೆ ಈರಣ್ಣ ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ ಹೊರಟಾಗ ನಾನು ಹೊಸ್ತಿಲಲ್ಲಿ ನಿಂತೆ. ಇವತ್ತು ಅದಕ್ಕೆ ಪಾನಾ, ಸ್ಕ್ರೂಡ್ರೈವರು ಹಚ್ಚುವುದು ಬೇಡ ಎಂದೆ.

"ಕಂಪ್ಯೂಟರಿಗೂ ವಾರ ಹಿಡಸ್ತೀಯೇನ ಯವ್ವಾ?" ಎಂದ ಮಗ. "ಅದಕ್ಕೂ ಒಂದ ಹೊತ್ತು ಉಪಾಸ ಕೆಡವು."

ಎಂದೂ ನನ್ನ ಪರ ನಿಲ್ಲದ ಸೊಸೆ ಅಂದು ಒಳಗಿನಿಂದ ಬಂದಳು. "ಇವತ್ತೊಂದ ದಿನ ಬಿಡ್ರಿ. ಹೋದದ್ದು ಹೋಗೇತಿ, ನಾಳೆನೂ ಹೋಗೇ ಇರತೈತಿ" ಎಂದಳು. ಈರಣ್ಣ ಗಂಟನ್ನು ಕೆಳಗಿಟ್ಟು ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದ.

ನಾನು ಗುಡಿಗೆ ಹೋದೆ. ತಾಯಿಯ ಮುಂದೆ ಬರೀ ನೆಲದ ಮೇಲೆ ಕುಳಿತೆ. ಕೇಳಲು ಏನು ಉಳಿದಿತ್ತು? ತಾಯಿ, ನನಗೆ ಹಾರ್ಡ್ ಡಿಸ್ಕು ಅಂದರೇನು ತಿಳಿಯದು, ನಿನಗೂ ತಿಳಿದಿದೆಯೋ ಇಲ್ಲವೋ, ಕೂಸಿಗೆ ನೋವಾದರೆ ನೋವು ಅನ್ನುವಷ್ಟು ಮಾತಾದರೂ ಉಳಿಸು ಎಂದೆ. ಖರೆ ಹೇಳುತ್ತೇನೆ, ನಂಬಿಕೆಯಿಂದ ಕೇಳಲಿಲ್ಲ. ಬೇರೆ ಯಾರೂ ಕಾಣದೆ ಕೇಳಿದೆ.

ಮನೆಗೆ ಬಂದರೆ ರೇಣುಕಾ ಫೋನು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಆ ಕಡೆ ವಿದ್ಯಾ ಟೀಚರು! ಮದುವೆಯಾಗಿ ಗದಗಕ್ಕೆ ಹೋದ ಮೇಲೆ ಅವರ ಫೋನೇ ಬಂದಿರಲಿಲ್ಲ. ಅಲ್ಲಿ ಇಂಥದೇ ಇನ್ನೊಂದು ಕೂಸಿಗೆ ಮಾತು ತುಂಬಿಸುತ್ತಿದ್ದರಂತೆ. ಸಿಂಚನಾ ದಿನಾ ಯಾವ ಮಾತು ಹೆಚ್ಚು ಆಡುತ್ತಾಳೆ ಎಂದು ಕೇಳಲು ಫೋನು ಮಾಡಿದ್ದರು. ರೇಣುಕಾ ಅಳುತ್ತಲೇ ಎಲ್ಲ ಹೇಳಿ ಫೋನನ್ನು ದೊಡ್ಡ ದನಿಗೆ ಹಾಕಿದಳು.

"ಅಳಿಸಾಕ ಮಾತ್ರ ಕೊಡಬ್ಯಾಡ್ರಿ" ಎಂದರು ಟೀಚರು. "ಕಂಟ್ರೋಲರ್ ಅಂದ್ರ ಬಾಗಲಾ ಕಾಯಾಂವ ಇದ್ದಂಗರಿ ಆಯಿ. ಅವಗ ಆರಾಮಿಲ್ಲಂದ್ರ ಒಳಗಿನ ಮಂದಿ ಸತ್ತಾರಂತಲ್ಲ. ಕೇಬಲ್ ಬದಲಿ ಮಾಡಿ ನೋಡ್ರಿ. ಆಗಲಿಲ್ಲಂದ್ರ ಡಿಸ್ಕ್ ಬಿಚ್ಚಿ ಬ್ಯಾರೆ ಕಂಪ್ಯೂಟರಿಗೆ ಹಚ್ಚಸ್ರಿ."

ಈರಣ್ಣ ಮುಂಜಾನೆ ಹೋಗಿದ್ದರೆ ಅಷ್ಟು ಹೊತ್ತಿಗೆ ಎಲ್ಲ ಅಳಿಸಿ ಆಗಿರುತ್ತಿತ್ತು.

ಬುಧವಾರ ಈರಣ್ಣನ ಜೋಡಿ ನಾನೂ ಹೊರಟೆ. ಬಸ್ಸಿನಲ್ಲಿ ಒಬ್ಬ ತಂಗಿ ಜಾಗ ಬಿಟ್ಟುಕೊಟ್ಟಳು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅಂಗಡಿಯವ ಟೀಚರ ಮಾತು ಕೇಳಿ, ನೋಡೋಣ ಬಿಡ್ರಿ ಎಂದು ಕೇಬಲ್ಲು ಬದಲಿಸಿದ. ಅದೇ ಬಿಳಿ ಅಕ್ಷರ. ಬೇರೆ ಕಿಂಡಿಗೆ ಸಿಗಿಸಿದ. ಮತ್ತೆ ಅದೇ. ಕೊನೆಗೆ ಡಿಸ್ಕು ಬಿಚ್ಚಿ ತನ್ನ ಕಂಪ್ಯೂಟರಿಗೆ ಹಚ್ಚಿದ. ಪರದೆಯ ಮೇಲೆ ಹಳದಿ ಡಬ್ಬಿಗಳು ಸಾಲಾಗಿ ಬಂದವು. ಒಂದನ್ನು ತೆರೆದು ಒತ್ತಿದ. ಅಂಗಡಿಯ ದೊಡ್ಡ ಸ್ಪೀಕರಿನಲ್ಲಿ ನನ್ನ ಸೊಸೆ ಕೂಗಿದಳು: "ನನಗ ಉಚ್ಚಿ ಬಂದೈತಿ!"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಈರಣ್ಣ ನಗುತ್ತಾ ಅಳುತ್ತಿದ್ದ. ನಾನು ಅಲ್ಲೇ ನೆಲಕ್ಕೆ ಹಣೆ ಹಚ್ಚಿದೆ.

ಡಿಸ್ಕಿಗೆ ಏನೂ ಆಗಿರಲಿಲ್ಲ. ಮದರ್‌ಬೋರ್ಡಿನಲ್ಲಿದ್ದ ಕಂಟ್ರೋಲರು ಕೆಟ್ಟಿತ್ತು. ಅಂಗಡಿಯವ ಮೊದಲು ಎಲ್ಲವನ್ನೂ ಇನ್ನೊಂದು ಕಡೆ ಕಾಪಿ ಮಾಡಿದ, ಆಮೇಲೆ ಬೇರೆ ಬೋರ್ಡು ಕೂರಿಸಿದ. ಇನ್ನು ಮುಂದೆ ತಿಂಗಳಿಗೊಮ್ಮೆ ಕಾಪಿ ಮಾಡಿ ಎಂದು ಮಗನಿಗೆ ಬೈದೂ ಬೈದ. ತಾಯಿ ವೈರು ಜೋಡಿಸಿದಳೆಂದು ನಾನು ಹೇಳುವುದಿಲ್ಲ. ಅಳಿಸುವ ಕೈಯನ್ನು ಒಂದು ದಿನ ತಡೆದಳು, ತಿಳಿದವರ ಬಾಯಿಂದ ದಾರಿ ಹೇಳಿಸಿದಳು. ನನಗೆ ಅದೇ ಸಾಕು.

ಸಂಜೆ ಮನೆಯಲ್ಲಿ ಹಚ್ಚಿದಾಗ ಎಲ್ಲ ಚಿತ್ರವೂ ತನ್ನ ತನ್ನ ಜಾಗದಲ್ಲೇ ಇತ್ತು. ನಾನು ಕೂಸಿನ ಪಕ್ಕ ಕುಳಿತು ಗುಡಿಯ ಕತೆ, ಬಸ್ಸಿನ ಕತೆ, ಅಂಗಡಿಯ ಕತೆ ಎಲ್ಲವನ್ನೂ ಹೇಳಲು ಹತ್ತಿದೆ. ಸಿಂಚನಾ ಪರದೆಯನ್ನೇ ನೋಡುತ್ತಿದ್ದಳು. ಚಿತ್ರಗಳು ಬೆಳಗುತ್ತ ಬೆಳಗುತ್ತ ಹೋದವು. ಗದ್ದ ಮುಂದೆ ತಂದು ಒತ್ತಿದಳು. ಮತ್ತೆ ಕಾದು ಇನ್ನೊಮ್ಮೆ ಒತ್ತಿದಳು.

"ಆಯಿ. ಸುಮ್ಮ ಕೂಡು."

ಸುಮ್ಮನೆ ಕುಳಿತೆ. ಈ ಜನ್ಮದಲ್ಲಿ ಯಾರ ಮಾತನ್ನೂ ಅಷ್ಟು ಸಂತೋಷದಿಂದ ಕೇಳಿಲ್ಲ. ಅವಳು ಹೇಳುವುದಿನ್ನೂ ಬಹಳ ಇತ್ತು, ಒಂದೊಂದಾಗಿ ಹೇಳಿದಳು. ನಾನು ಕೈ ಮುಗಿದುಕೊಂಡು ಕೇಳಿದೆ. ದ್ಯಾಮವ್ವ ತಾಯಿ, ನಿನಗೆ ಶರಣು.