ತೋಮಸರ ಹಬ್ಬದಂದು ಉಳಿ ಮುಟ್ಟಬಾರದು

ರಾವೂರಿನ ಕಲ್ಲುಗಣಿಗಳಲ್ಲಿ ದುಡಿಯುವ ನಮ್ಮ ಕ್ರೈಸ್ತ ಮನೆಗಳಲ್ಲಿ ಜುಲೈ ಮೂರರಂದು ಯಾರೂ ಉಳಿ ಮುಟ್ಟುವುದಿಲ್ಲ. ಅಂದು ಸಂತ ತೋಮಸರ ಹಬ್ಬ. ಕಡಲು ದಾಟಿ ಈ ದೇಶಕ್ಕೆ ಮೊದಲು ಸುವಾರ್ತೆ ತಂದವರು ಅವರು. ಸತ್ತ ಯೇಸು ಎದ್ದು ಬಂದರೆಂದಾಗ, ಗಾಯದಲ್ಲಿ ಬೆರಳಿಡದೆ ನಂಬುವುದಿಲ್ಲ ಎಂದವರೂ ಅವರೇ. ಉಳಿ, ಸುತ್ತಿಗೆಗಳೆಲ್ಲ ಅಂದು ವಾಡಿಯ ಚರ್ಚಿನಲ್ಲಿ ಪೀಠದ ಮುಂದೆ ಮಲಗಿರುತ್ತವೆ. ಆ ದಿನ ಕಲ್ಲಿಗೆ ಹಾಕಿದ ಪೆಟ್ಟು ಸಂತರ ಮೈಮೇಲೆ ಬೀಳುತ್ತದೆ ಎಂದು ಅಜ್ಜಿ ಹೆದರಿಸುತ್ತಿದ್ದಳು.

ಅಪ್ಪನ ಉಳಿ ಮಾತ್ರ ಅಲ್ಲಿರುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದೇ ಮಳೆಗೆ ಗಣಿಯ ದಂಡೆ ಕುಸಿದು ನೀರು ನುಗ್ಗಿತು. ಕೆಳಗಿದ್ದ ಅಪ್ಪ ಮೇಲೆ ಬರಲಿಲ್ಲ, ಹೆಣವೂ ಉಳಿಯೂ ಸಿಗಲಿಲ್ಲ. ಅವನ ಆತ್ಮಶಾಂತಿಗೆ ಚರ್ಚಿನಲ್ಲಿ ಸತ್ತವರ ಪೂಜೆ ಕೊಡಿಸಲು ಅವ್ವ ಒಪ್ಪಲೇ ಇಲ್ಲ. ಪಾದ್ರಿಗಳು ಹೇಳಿ ಸೋತರು, ನಾನು ಜಗಳವಾಡಿ ಸೋತೆ.

“ತೋಮಸಪ್ಪ ಮುಟ್ಟಿ ನೋಡೇ ನಂಬ್ಯಾನ. ನಾ ಏನ್ ಮುಟ್ಟಿ ನೋಡೀನಿ ಹೇಳು?” ಎನ್ನುತ್ತಿದ್ದಳು.

ಬೈಬಲನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದರಲ್ಲಿ ಅವ್ವ ವಕೀಲರನ್ನೂ ಮೀರಿಸುತ್ತಾಳೆ. ನನಗೋ ಮೈಯೆಲ್ಲ ಉರಿಯುತ್ತಿತ್ತು. ಅಪ್ಪನಿಗಾಗಿ ಒಮ್ಮೆ ಸರಿಯಾಗಿ ಅಳಲೂ ನಮಗೆ ಅವಳು ಬಿಟ್ಟಿರಲಿಲ್ಲ.

ಈ ಬೇಸಿಗೆಯಲ್ಲಿ ಹೊಸ ಮಾಲೀಕ ಪಂಪು ಹಚ್ಚಿ ಗಣಿಯ ನೀರು ತೆಗೆಸಿದ. ಕೆಸರು ಎತ್ತಿದರು, ಒಂದು ಎಲುಬೂ ಸಿಗಲಿಲ್ಲ. ಹಬ್ಬದ ಪೂಜೆ ಮುಗಿದದ್ದೇ ಅವ್ವ ಮನೆಗೆ ಬಾರದೆ ಗಣಿಯ ದಾರಿ ಹಿಡಿದಳು. ಗೊಣಗುತ್ತಾ ನಾನೂ ಹಿಂದೆ ಹೋದೆ. ನಡು ಮಧ್ಯಾಹ್ನ, ಗಾಳಿ ಇಲ್ಲ, ಆಳುಗಳಿಲ್ಲ. ದಂಡೆಗೆ ಬಂದಾಗ ಕೆಳಗಿನಿಂದ ಟಕ್, ಟಕ್ ಎಂದು ಕೇಳಿಸಿತು. ತುಸು ತಡೆದು ಮತ್ತೆ ಟಕ್. ಅಪ್ಪ ಹಾಗೆಯೇ ಎರಡು ಪೆಟ್ಟು ಹಾಕಿ, ಪುಡಿ ಊದಿ, ಆಮೇಲೆ ಮೂರನೆಯದು ಹಾಕುತ್ತಿದ್ದ.

ನಾವು ಇಳಿಯುತ್ತಿದ್ದಂತೆ ಸದ್ದು ನಿಂತಿತು. ಕೆಳಗೆ ಯಾರೂ ಇರಲಿಲ್ಲ. ಅಪ್ಪ ಕೂತು ಕಡಿಯುತ್ತಿದ್ದ ಮೂಲೆಯ ಬಂಡೆಯಲ್ಲಿ ಒಂದು ಸಣ್ಣ ಕುಳಿ. ಅವ್ವ ಅದರಲ್ಲಿ ಬೆರಳಿಟ್ಟಳು. ಸುತ್ತಲ ಗೋಡೆಗಳಿಂದ ಇನ್ನೂ ನೀರು ಜಿನುಗುತ್ತಿತ್ತು, ಅವಳ ಬೆರಳಿಗೆ ಹತ್ತಿದ್ದು ಮಾತ್ರ ಒಣ ಕಲ್ಲುಪುಡಿ.

“ನೀನೂ ಮುಟ್ಟು,” ಎಂದಳು.

ನನಗೆ ಭಯವಾಯಿತು. ಕೈ ಹಿಂದೆ ಕಟ್ಟಿಕೊಂಡೆ.

ಅವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ನೀರು ಕಂಡೆ.

“ಹಬ್ಬದ ದಿನಾನೂ ಕೆಲಸ ಬಿಟ್ಟಿಲ್ಲ ನೋಡು,” ಎಂದಳು. “ಸಾಕು ಮಾಡು ಅಂತ ಅವಗ ಹೇಳಾಕ ಯಾರಿಗೂ ನಾನೇ ಬಿಡಲಿಲ್ಲ. ನಾಳೆನೇ ಸತ್ತವರ ಪೂಜೆ ಕೊಡಸು. ಭಾಳ ದಣದಾನ, ಇನ್ನ ಮಕ್ಕೊಳ್ಳಲಿ.”